ಸಲ್ಕಿನಾಯ್ ಸುರಿದ ತುಂಬು ಬಟ್ಟಲು

ಕೆಟಲಿನಿಂದ ಬಟ್ಟಲಿಗೆ ಚಹಾ ಬೀಳುವ ಸದ್ದು ಸಣ್ಣಗೆ ಶುರುವಾಗಿ, ಇನ್ನೂ ಏರುತ್ತಿರುವಾಗಲೇ ತಟ್ಟನೆ ನಿಲ್ಲುತ್ತಿತ್ತು. ಸುರಿಯುತ್ತಿರುವವಳು ಸಲ್ಕಿನಾಯ್ ಎಂದು ತಲೆಯೆತ್ತದೆಯೇ ನನಗೆ ತಿಳಿಯುತ್ತಿತ್ತು. ನಮ್ಮಲ್ಲಿ ಬಟ್ಟಲನ್ನು ಅರ್ಧಕ್ಕಿಂತ ಮೇಲೆ ತುಂಬುವುದಿಲ್ಲ. ತುಂಬಿ ಕೊಟ್ಟರೆ ಕುಡಿದು ಹೊರಡಿ ಎಂದ ಹಾಗೆ. ಆ ಅರ್ಧದ ಅಳತೆ ಅವಳ ಮಣಿಕಟ್ಟಿನಲ್ಲೇ ಇತ್ತು.

ಕಚೇರಿಯಲ್ಲಿ ಚಹಾ ಸುರಿಯುವುದು ಎಲ್ಲರಿಗಿಂತ ಕಿರಿಯರ ಕೆಲಸ. ಸಲ್ಕಿನಾಯ್‌ಗೆ ಆಗಲೇ ನಲವತ್ತು ದಾಟಿತ್ತು. ಹಿಮಬೆಟ್ಟಗಳ ನಡುವಿನ ನಾರಿನ್ ಪಟ್ಟಣದ ನಮ್ಮ ಸೇತುವೆ ವಿಭಾಗಕ್ಕೆ ಅವಳಿಗಿಂತ ಕಿರಿಯರು ಬಂದರು, ಮದುವೆಯಾದರು, ರಾಜಧಾನಿಗೆ ವರ್ಗವಾಗಿ ಹೋದರು; ಕೆಟಲು ಮಾತ್ರ ಅವಳ ಕೈ ಬಿಡಲಿಲ್ಲ, ಬಾಗಿಲ ಬಳಿಯ ಕುರ್ಚಿಯನ್ನು ಅವಳೂ ಬಿಡಲಿಲ್ಲ. ಗೌರವದ ಜಾಗ ಒಳಗೋಡೆಯ ಪಕ್ಕ. ಅಲ್ಲಿಗೆ ಕರೆದರೆ “ಇಲ್ಲಿ ಗಾಳಿ ಚೆನ್ನಾಗಿದೆ” ಎನ್ನುತ್ತಿದ್ದಳು, ಹಿಮ ಸುರಿಯುವ ಜನವರಿಯಲ್ಲಿಯೂ. ಗೋಡೆಗೆ ಒತ್ತಿಕೊಂಡು ನಡೆಯುವಳು. ಮಂಡಿ ಮುಚ್ಚುವ ಕಂದು ಕೋಟು. ಒಂದು ಜೇಬಿನಲ್ಲಿ ಒಣ ಜರ್ದಾಳು ಹಣ್ಣು, ಇನ್ನೊಂದರಲ್ಲಿ ಹೊಳೆಗಳಿಂದ ಆರಿಸಿ ತಂದ ಕಲ್ಲು. ಸೇತುವೆಯ ಈ ಲೆಕ್ಕ ಯಾರು ಮಾಡಿದ್ದು ಎಂದು ಕೇಳಿದರೆ “ಆಗಿದೆ” ಎನ್ನುವಳು, ಹೊರಗೆ ಮಳೆ ಆಗಿದೆ ಎಂಬಂತೆ. ಅಜ್ಜಿಯ ಕೈಯಲ್ಲಿ ಬೆಳೆದವಳು. ತನ್ನ ಹೆಸರನ್ನು ತಾನೇ ಎತ್ತುವ ಹೆಂಗಸನ್ನು ಕಂಡರೆ ಆ ಅಜ್ಜಿ ಮುಖ ತಿರುಗಿಸುತ್ತಿದ್ದಳಂತೆ.

ಹೀಗಾಗಿ ಅವಳ ಸೇತುವೆಗಳ ಬಗ್ಗೆ ಸಭೆಗಳಲ್ಲಿ ಮಾತಾಡುತ್ತಿದ್ದವನು ಅವಳಿಗಿಂತ ಕಿರಿಯ ಸಹೋದ್ಯೋಗಿ ಮೆದೆರ್‌ಬೆಕ್. ಕದಿಯುವ ಬುದ್ಧಿಯವನಲ್ಲ, ನಕ್ಷೆಯನ್ನು ಅವಳೇ ಅವನ ಕೈಗಿಡುತ್ತಿದ್ದಳು. ಅವನದು ಒಳ್ಳೆಯ ಕಂಠ. ಕೇಳಿದವರು ಸೇತುವೆಗಳೂ ಅವನವೇ ಎಂದುಕೊಳ್ಳುತ್ತಿದ್ದರು.

ಆ ವಸಂತದಲ್ಲಿ ಮುಖ್ಯಸ್ಥರಾದ ಶಾರ್ಶೆನ್ ಅಣ್ಣ ನಿವೃತ್ತರಾಗುವವರಿದ್ದರು. ಕೊಕ್-ತಾಶ್ ಹೊಳೆಯ ಸೇತುವೆಯ ನಕ್ಷೆಯನ್ನು ನೋಡಲು ರಾಜಧಾನಿಯಿಂದ ಬರುವ ತಂಡವೇ ಅವರ ಜಾಗಕ್ಕೆ ಯಾರು ಎಂಬುದನ್ನೂ ತೀರ್ಮಾನಿಸುವುದಿತ್ತು. ಅಣ್ಣ ಅವಳ ಮೇಜಿನ ಬಳಿ ಬಂದು ನಿಂತರು.

“ನಿನ್ನ ಹೆಸರು ನಾನೇನೋ ಹೇಳ್ತೀನಿ. ನಿನ್ನ ಧ್ವನಿಯನ್ನೇ ಕೇಳದವರು ನಿನ್ನನ್ನ ನನ್ನ ಕುರ್ಚಿಲಿ ಯಾಕೆ ಕೂರಿಸ್ತಾರೆ? ಈ ಸಲ ನೀನೇ ಮಾತಾಡು.”

“ಮೆದೆರ್‌ಬೆಕ್ ಚೆನ್ನಾಗಿ ಹೇಳ್ತಾನಲ್ಲ, ಅಣ್ಣ.”

“ಅವನು ಹವಾಮಾನಾನೂ ಚೆನ್ನಾಗಿ ಹೇಳ್ತಾನೆ. ಹಿಮ ಬೀಳಿಸೋದು ಅವನೇನಾ?”

ಅಣ್ಣ ಹೋದ ಮೇಲೆ ಅವಳು ಪಕ್ಕದ ಮೇಜಿನಲ್ಲಿದ್ದ ನನ್ನ ಕಡೆ ವಾಲಿದಳು. “ಆ ಕೆಲಸ ನಂಗೆ ಬೇಕು ಕಣೆ. ಬೇಕು ಅನ್ನೋಕೆ ನಾಚಿಕೆ.”

ತಂಡ ಬಂದ ದಿನವೂ ಅವಳ ಕೈಯಲ್ಲಿ ಕೆಟಲೇ ಇತ್ತು, ಎದ್ದು ನಿಂತವನು ಮೆದೆರ್‌ಬೆಕ್ಕೇ. ತಂಡದ ಹಿರಿಯರಾದ ಬೂದುಗಣ್ಣಿನ ಬುರುಲ್ಚಾ ಅಕ್ಕ ನಕ್ಷೆಯ ಮೇಲೆ ಬೆರಳಿಟ್ಟು, ಸೇತುವೆ ಊರಿಂದ ದೂರ, ಹೊಳೆಯ ಗುಂಟ ಇಷ್ಟು ಕೆಳಗೆ ಯಾಕೆ ಎಂದು ಕೇಳಿದರು.

“ಖರ್ಚು ಕಡಿಮೆ ಆಗಲಿ ಅಂತ,” ಎಂದ ಮೆದೆರ್‌ಬೆಕ್, ತನಗೆ ತೋಚಿದ್ದನ್ನು.

“ಅಷ್ಟೇನಾ? ಹಣ ನಾವು ಕೊಡ್ತೀವಿ. ಊರ ಹತ್ತಿರದ ತಿರುವಲ್ಲೇ ಕಟ್ಟಿ.”

ಚಹಾದ ಸದ್ದು ನಿಲ್ಲಲಿಲ್ಲ. ಬಟ್ಟಲು ಅರ್ಧ ದಾಟಿತು, ಅಂಚು ಮುಟ್ಟಿತು, ಉಕ್ಕಿ ಮೇಜುಬಟ್ಟೆಯ ಮೇಲೆ ಹರಿಯಿತು. ಅದು ಬುರುಲ್ಚಾ ಅಕ್ಕನ ಬಟ್ಟಲು.

“ಏನಮ್ಮ,” ಎಂದರು ಬುರುಲ್ಚಾ ಅಕ್ಕ, “ಒಂದು ತುಂಡು ರೊಟ್ಟಿ ಮುರಿದಿಲ್ಲ, ಆಗಲೇ ಎದ್ದು ಹೋಗು ಅಂತೀಯಾ?”

ಎಲ್ಲರೂ ನಕ್ಕರು. ಸಲ್ಕಿನಾಯ್‌ಳ ಕಿವಿಗಳು ಕೆಂಪಾದವು. ಅವಳು ಬಾಗಿಲ ಕಡೆ ನೋಡಿದ್ದನ್ನು ನಾನು ಕಂಡೆ. ಬಟ್ಟಲೆತ್ತಿಕೊಂಡು ಹೊರಗೆ ಹೋಗಿಬಿಡಬಹುದಿತ್ತು.

“ಹೋಗಬೇಡಿ, ಕೂತ್ಕೊಳ್ಳಿ,” ಎಂದಳು. “ಆ ಸೇತುವೆ ನಂದು. ಖರ್ಚಿಗೋಸ್ಕರ ಕೆಳಗಿಟ್ಟಿದ್ದಲ್ಲ. ಮೇಲಿನ ತಿರುವಲ್ಲಿ ಹಿಮ ಕರಗೋ ಕಾಲಕ್ಕೆ ಹೊಳೆ ದಡಾನೇ ತಿನ್ನುತ್ತೆ. ನಾನು ಅಲ್ಲೇ ಕೂತು ನೋಡಿದೀನಿ. ಅಲ್ಲಿ ಕಟ್ಟಿದ್ರೆ ಕಂಬದ ಬುಡ ಕೊಚ್ಚಿ ಹೋಗುತ್ತೆ, ಮೇಲೆ ಕುರಿಮಂದೆ ಇರುವಾಗಲೇ ಹೋದರೂ ಹೋಯ್ತು.”

ಮುಂದಿನದನ್ನು ಕೆಟಲನ್ನು ಗಾಳಿಯಲ್ಲಿ ಆಡಿಸುತ್ತಲೇ ವಿವರಿಸಿದಳು, ಮೆದೆರ್‌ಬೆಕ್ ಎದ್ದು ಬರುವ ತನಕ.

“ಅಕ್ಕ, ಆ ಕೆಟಲು ನಂಗೆ ಕೊಡಿ. ಇನ್ನೊಂದು ಬಟ್ಟಲು ತುಂಬಿಸಿದ್ರೆ ನಮ್ಮನ್ನೆಲ್ಲ ಊರು ಬಿಡಿಸ್ತೀರಿ.”

ಸೇತುವೆ ಅವಳು ಹೇಳಿದ ಜಾಗದಲ್ಲೇ ಎದ್ದಿತು. ಅಣ್ಣನ ಕುರ್ಚಿ ಅವಳದಾಯಿತು. ಅವಳು ಒಂದೇ ದಿನದಲ್ಲಿ ಬದಲಾದಳೆಂದರೆ ಸುಳ್ಳಾದೀತು. ಈಗಲೂ ಸಭೆಗೆ ಮುಂಚೆ ಮೊದಲ ವಾಕ್ಯವನ್ನು ಮೊಗಸಾಲೆಯಲ್ಲಿ ನನಗೆ ಒಪ್ಪಿಸುತ್ತಾಳೆ. ಕಾಲು ತಾನಾಗಿ ಬಾಗಿಲ ಬಳಿಯ ಕುರ್ಚಿಗೆ ಹೋಗುತ್ತದೆ. ಮೆದೆರ್‌ಬೆಕ್ ಅಲ್ಲಿ ತನ್ನ ಚೀಲ ಇಟ್ಟಿರುತ್ತಾನೆ.

ಇಂಥವರು ಎಲ್ಲ ಕಚೇರಿಗಳಲ್ಲೂ ಇರುತ್ತಾರೆ. ಅವರಿಗೆ ಧೈರ್ಯ ಸಾಲದೆಂದು ನಾವು ತಿಳಿಯುತ್ತೇವೆ. ಅವರಿಗಾದರೋ ಮಾಡಿದ ಕೆಲಸ ತಾನಾಗಿ ಮಾತಾಡೀತೆಂಬ ನಂಬಿಕೆ. ಕಲ್ಲು ಕಬ್ಬಿಣಗಳಿಗೆ ಬಾಯಿಲ್ಲ. ತಮಗಾಗಿ ತುಟಿ ತೆರೆಯದ ಈ ಜನ, ಪ್ರೀತಿಯಿಂದ ಮಾಡಿದ್ದು ಕೆಡುತ್ತದೆಂದಾಗ ತೆರೆದುಬಿಡುತ್ತಾರೆ. ಆ ಧ್ವನಿ ತಮಗೂ ಸಲ್ಲುತ್ತದೆಂದು ಮೆಲ್ಲಗೆ, ಸಂಕೋಚದಿಂದ, ಕಲಿಯುತ್ತಾರೆ.

ಸೇತುವೆ ತೆರೆದ ದಿನ ಮಂದೆಗಳು ಬೇಸಿಗೆಯ ಹುಲ್ಲುಗಾವಲಿಗೆ ಹೊರಟಿದ್ದವು. ನಾನೂ ಸಲ್ಕಿನಾಯ್‌ಳೂ ದಡದ ಮೇಲೆ ಕೂತಿದ್ದೆವು. ಅವಳು ನಾದಿನಿಯ ಅಡುಗೆಯ ಸುದ್ದಿ ಹೇಳುತ್ತಿದ್ದಳು. ಕೆಳಗೆ ರೇಡಿಯೊದವನೊಬ್ಬ ಈ ಸೇತುವೆಯ ನಕ್ಷೆ ಮಾಡಿದವರು ಯಾರೆಂದು ಕೂಗಿ ಕೇಳಿದ.

“ಮಾಂಸಾನ ಅಷ್ಟು ಬೇಯಿಸಬಾರದು ಅಂದೆ ಕಣೆ, ಅದಕ್ಕೆ ಅವಳು ಏನಂದಳು ಗೊತ್ತಾ...” ಎನ್ನುತ್ತಿದ್ದವಳು ಎದ್ದು, ಲಂಗಕ್ಕೆ ಅಂಟಿದ ಹುಲ್ಲು ಕೊಡವಿಕೊಂಡು ಅವನತ್ತ ಇಳಿದು ಹೋದಳು.