ಯಾವ ತಾಯಿಗೆ ಏನಿತ್ತು?

ಆಗಸ್ಟ್ ಬಂತೆಂದರೆ ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಒಂದು ಹಳ್ಳಿಯಲ್ಲಿ ಜೆಲ್ಫಿಯಾ ದೊಡ್ಡಮ್ಮನ ಮನೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಶಿಕಾಗೋ, ಡೆಟ್ರಾಯಿಟ್ ಸೇರಿದವರೆಲ್ಲ ವರ್ಷಕ್ಕೊಮ್ಮೆ ಬಂಧುಕೂಟಕ್ಕೆ ಬಂದಿಳಿಯುತ್ತಾರೆ. ಎಲ್ಲರಿಗೂ ಒಂದೇ ಬಣ್ಣದ ಅಂಗಿ. ಆಲೂಗಡ್ಡೆ ಸಲಾಡ್ ಮಾತ್ರ ಆ ಮನೆಯಲ್ಲೇ ಬೆಳೆದ ವರ್ಲೀನಳ ಕೈಯದ್ದೇ ಆಗಬೇಕು. ‘ಯಾರು ಮಾಡಿದ್ದು?’ ಎಂದು ವಿಚಾರಿಸದೆ ತಟ್ಟೆ ಒಡ್ಡುವ ಜನ ಅಲ್ಲಿಲ್ಲ.

ಕೂಟದ ಹಿಂದಿನ ದಿನ ವರ್ಲೀನ್ ಆಲೂಗಡ್ಡೆ ಸುಲಿಯುತ್ತಿದ್ದಳು. ಎದುರಿಗೆ ದೊಡ್ಡಮ್ಮನ ಮಗಳು ಟ್ವೈಲಾ. ಅವಳು ಆಸ್ಪತ್ರೆಯಲ್ಲಿ ನರ್ಸ್. ಬಾಗಿಲ ಬಳಿಯ ಕುರ್ಚಿಯಲ್ಲಿ ದೊಡ್ಡಮ್ಮ ಅಲಸಂದೆ ಬಿಡಿಸುತ್ತಿದ್ದಳು.

“ಸ್ನಾನ ಮಾಡೋವಾಗ ಎದೇಲಿ ಒಂದು ಗಂಟು ಸಿಕ್ತು ಕಣೇ,” ಎಂದಳು ವರ್ಲೀನ್, ಏನೂ ಆಗಿಲ್ಲವೆಂಬಂತೆ. “ನೋವೇನಿಲ್ಲ. ಎಣ್ಣೆ ಹಚ್ತಿದೀನಿ.”

ಟ್ವೈಲಾ ಚಾಕು ಕೆಳಗಿಟ್ಟಳು. “ಯಾವಾಗಿಂದ?”

“ಏಪ್ರಿಲ್‌ನಲ್ಲಿ, ಈಸ್ಟರ್ ಹಬ್ಬ ಕಳೆದ ಮೇಲೆ.”

“ಅಕ್ಕಾ! ಊರಿನವರ ಸುದ್ದಿ ಎಲ್ಲಾ ಹೇಳ್ತೀಯ, ಇದಕ್ಕೆ ಮಾತ್ರ ಬಾಯಿಗೆ ಬೀಗವಾ? ಸೋಮವಾರ ನಡಿ, ಮ್ಯಾಮೊಗ್ರಾಂ ಮಾಡಿಸೋಣ. ಎದೆಯ ಎಕ್ಸ್‌ರೇ, ಅಷ್ಟೇ.”

“ನೋವೇ ಇಲ್ಲದ್ದಕ್ಕೆ ಡಾಕ್ಟರ್ ಯಾಕೆ?”

“ಇಂಥ ಗಂಟು ಎಷ್ಟೋ ಸಲ ನೋಯೋದೇ ಇಲ್ಲ. ಎಲ್ಲಾ ಗಂಟೂ ಕೆಟ್ಟದ್ದಲ್ಲ. ಆದ್ರೆ ಕೈಯಲ್ಲಿ ಮುಟ್ಟಿ ಹೇಳೋಕಾಗಲ್ಲ.”

“ನಮ್ಮ ಮನೆತನ ಗೊತ್ತಿಲ್ವಾ ನಿಂಗೆ? ಅಜ್ಜಿ ತೊಂಬತ್ತು ದಾಟಿದ್ಳು. ದೊಡ್ಡಮ್ಮನ್ನ ನೋಡು, ಇನ್ನೂ ಕೋಳಿ ಅಟ್ಟಿಸ್ಕೊಂಡು ಓಡ್ತಾಳೆ. ನಮ್ಮ ಹೆಂಗಸರಿಗೆ ಆ ಕಾಯಿಲೆ ಇಲ್ಲ ಬಿಡು.”

ಅವಳು ಅದನ್ನು ಮನಸಾರೆ ನಂಬಿದ್ದಳು. ಆದರೆ ವರ್ಲೀನ್ ಆ ಮನೆಯಲ್ಲಿ ಹುಟ್ಟಿದವಳಲ್ಲ. ಅವಳ ತಾಯಿ ಕೊರೀನ್ ದೊಡ್ಡಮ್ಮನ ಜತೆ ಚರ್ಚಿನಲ್ಲಿ ಹಾಡುತ್ತಿದ್ದ ಗೆಳತಿ. ಕೊರೀನ್ ತೀರಿಕೊಂಡ ಸಂಜೆಯೇ ದೊಡ್ಡಮ್ಮ ಆ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಮನೆಗೆ ಬಂದಳು. ಯಾರೂ ಯಾರನ್ನೂ ಕೇಳಲಿಲ್ಲ.

ಆ ದಿನಗಳೇ ಬೇರೆ. ನೆಲದ ಮೇಲೆ ಒಂದೇ ಕೌದಿ, ಅದರೊಳಗೆ ಅಡ್ಡಡ್ಡ ಮಲಗಿದ ಮಕ್ಕಳ ಹಿಂಡು. ಶನಿವಾರ ಬಂದರೆ ದೊಡ್ಡಮ್ಮನ ಮೊಣಕಾಲ ನಡುವೆ ಕೂತು ತಲೆ ಬಾಚಿಸಿಕೊಳ್ಳಬೇಕು. ಅಲ್ಲಾಡಿದರೆ ಬಾಚಣಿಗೆಯಿಂದ ಏಟು. ಯಾರ ಜಗಲಿ ಹತ್ತಿದರೂ ಊಟ ಸಿಗುತ್ತಿತ್ತು, ತಪ್ಪು ಮಾಡಿದರೆ ಬೈಗುಳವೂ ಅಲ್ಲೇ ಸಿಗುತ್ತಿತ್ತು.

ಒಮ್ಮೆ ಶಿಕಾಗೋ ನೆಂಟನೊಬ್ಬ, “ಇವಳು ನಿಮ್ಮ ಸ್ವಂತ ಮಗಳಾ?” ಎಂದು ಕೇಳಿಬಿಟ್ಟ.

“ಈ ಪ್ರಶ್ನೆ ಇನ್ನೊಂದ್ಸಲ ಕೇಳಿದೋರಿಗೆ ಪೀಚ್ ಹಣ್ಣಿನ ಸಿಹಿ ಇಲ್ಲ,” ಎಂದಿದ್ದಳು ದೊಡ್ಡಮ್ಮ. ಆಮೇಲೆ ಯಾರೂ ಕೇಳಲಿಲ್ಲ. ಎಷ್ಟರಮಟ್ಟಿಗೆ ಎಂದರೆ, ತಾನು ಬೇರೆ ಹೊಟ್ಟೆಯವಳು ಎಂಬುದು ವರ್ಲೀನಳಿಗೇ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಅಲಸಂದೆ ಬಿಡಿಸುತ್ತಿದ್ದ ಕೈ ನಿಂತಿತು. “ವರ್ಲೀನ್, ನಿನ್ನಮ್ಮನಿಗೂ ಹೀಗೇ ಗಂಟಾಗಿತ್ತು,” ಎಂದಳು ದೊಡ್ಡಮ್ಮ.

“ಜ್ವರ ಬಂದು ಹೋದ್ಳು ಅಂದಿದ್ಯಲ್ಲ?”

“ಎದೆಯ ಕ್ಯಾನ್ಸರ್. ಆಗ ಅದರ ಹೆಸರೇ ಯಾರೂ ಎತ್ತುತ್ತಿರಲಿಲ್ಲ. ಆಮೇಲೆ ಹೇಳಿದ್ರೆ, ನೀನು ನನ್ನ ರಕ್ತ ಅಲ್ಲ ಅಂತ ನಾನೇ ಗೆರೆ ಎಳೆದ ಹಾಗಾಗ್ತಿತ್ತು. ಅದಕ್ಕೆ ನಂಗೆ ಮನಸ್ಸು ಬರಲಿಲ್ಲ ಮಗಳೇ.”

ವರ್ಲೀನಳಿಗೆ ಸಿಟ್ಟು ನೆತ್ತಿಗೇರಿತು. “ಅಮ್ಮ ಸತ್ತ ವಯಸ್ಸು ದಾಟಿ ಎಷ್ಟೋ ವರ್ಷ ಆಯ್ತು ನಂಗೆ. ಈಗ ಹೇಳ್ತೀಯಾ?”

ದೊಡ್ಡಮ್ಮ ಮುಖವನ್ನು ಎರಡೂ ಅಂಗೈಯಲ್ಲಿ ಮುಚ್ಚಿಕೊಂಡು ಅತ್ತಳು.

“ಅಕ್ಕಾ,” ಎಂದಳು ಟ್ವೈಲಾ ಮೆಲ್ಲಗೆ. “ನೀನು ನಮ್ಮೋಳೇ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಕೆಲವು ಕಾಯಿಲೆ ಹೆತ್ತೋರ ಕಡೆಯಿಂದ ಬರ್ತವೆ. ಮನೆತನದಲ್ಲಿ ಇಲ್ದಿದ್ರೂ ಬರಬಹುದು. ಬೇಗ ಗೊತ್ತಾದ್ರೆ ವಾಸಿಯಾಗೋ ಸಾಧ್ಯತೆ ಹೆಚ್ಚು.”

ವರ್ಲೀನ್ ಕೈ ಒರೆಸಿಕೊಂಡು ಎದ್ದಳು. ದೊಡ್ಡಮ್ಮನ ಮುಂದೆ ಕುಕ್ಕರುಗಾಲಲ್ಲಿ ಕೂತಳು. “ಸಾಕು, ಅಳ್ಬೇಡ. ಸೋಮವಾರ ನೀನೂ ಬಾ. ನಂಗೆ ಭಯ ಆಗ್ತಿದೆ.”

ಸೋಮವಾರ ಡಾಕ್ಟರಮ್ಮ ಕೇಳಿದರು: “ನಿಮ್ಮ ತಾಯಿಗೆ ಏನಾದ್ರೂ ಕಾಯಿಲೆ ಇತ್ತಾ?”

“ಯಾವ ತಾಯಿಗೆ?” ಎಂದಳು ವರ್ಲೀನ್. “ಹೆತ್ತೋಳಿಗೆ ಎದೆಯ ಕ್ಯಾನ್ಸರ್. ಸಾಕಿದೋಳಿಗೆ ವಿಪರೀತ ಹಠ. ಹೊರಗೇ ಕೂತಿದಾಳೆ, ಬೇಕಾದ್ರೆ ನೋಡಿ. ಎರಡೂ ನಂಗೆ ಬಂದಿರಬಹುದು.”

ಗಂಟು ಕ್ಯಾನ್ಸರಿನದ್ದೇ ಆಗಿತ್ತು. ಆದರೆ ಇನ್ನೂ ಹರಡಿರಲಿಲ್ಲ. ಆಪರೇಷನ್ ಆಯಿತು, ಚಿಕಿತ್ಸೆ ನಡೆಯಿತು. ಒಬ್ಬರು ಅಡುಗೆ, ಒಬ್ಬರು ಕಾರು, ಒಬ್ಬರು ರಾತ್ರಿ ಕಾವಲು ಎಂದು ಬಳಗವೆಲ್ಲ ಹೆಗಲು ಕೊಟ್ಟಿತು. ವರ್ಲೀನ್ ಚೇತರಿಸಿಕೊಂಡಳು. ಹಠ ಮಾತ್ರ ವಾಸಿಯಾಗಿಲ್ಲ.

ಅಕ್ಕಂದಿರೇ, ತಂಗಿಯರೇ, ಬಂಧುಗಳು ಸೇರಿದಾಗ ಹಿರಿಯರ ಪಕ್ಕ ಕೂತು ಕೇಳಿ, ನಮ್ಮಲ್ಲಿ ಯಾರಿಗೆ ಯಾವ ಕಾಯಿಲೆ ಇತ್ತು ಎಂದು. ಹಿರಿಯರೇ, ಸಾಕಿದ ಮಗುವಿಗೆ ಹೆತ್ತವರ ಕಾಯಿಲೆಯನ್ನು ಮುಚ್ಚಿಡಬೇಡಿ. ಹೇಳಿದ ಮಾತ್ರಕ್ಕೆ ಮಗು ದೂರವಾಗುವುದಿಲ್ಲ. ಎದೆಯಲ್ಲಿ ಗಂಟು ಸಿಕ್ಕಿದರೆ ನೋವು ಬರಲಿ ಎಂದು ಕಾಯಬೇಡಿ, ಡಾಕ್ಟರಿಗೆ ತೋರಿಸಿ. ಭಯವಾದರೆ ಮನೆಯವರಿಗೆ ಹೇಳಿ. ನಿಮ್ಮ ಜತೆ ಬರುವುದಕ್ಕೇ ಅವರಿರುವುದು.