ಚಿಲಕನಿಗೆ ನಾನು ಕಲಿಸಿದ್ದು

ಅವನಿಗೆ ಚಿಲಕ ಎಂದು ಹೆಸರಿಟ್ಟವನು ನಾನೇ. ಹತ್ತೊಂಬತ್ತರ ಹುಡುಗ, ಕಡ್ಡಿಯಂಥ ಕಾಲು, ಆದರೆ ಅವನನ್ನು ದಾಟಿ ಒಂದು ನೊಣವೂ ಗೋಲಿನ ಕಡೆ ಹೋಗುತ್ತಿರಲಿಲ್ಲ. ನಮ್ಮ ಫುಟ್‌ಬಾಲ್ ಕ್ಲಬ್ಬು ಅವನನ್ನು ಒಂದು ವರ್ಷದ ಕರಾರಿಗೆ ತೆಗೆದುಕೊಂಡಾಗ ಕೋಚ್ ನನ್ನ ಹೆಗಲ ಮೇಲೆ ಕೈ ಹಾಕಿ, "ಇವನು ನಿನ್ನ ಪಕ್ಕದಲ್ಲೇ ಆಡ್ಲಿ. ನಿಂಗೆ ಗೊತ್ತಿರೋದನ್ನೆಲ್ಲ ಕಲಿಸು" ಎಂದ. ನನ್ನ ಜಾಗಕ್ಕೆ ಬರುವವನನ್ನು ನಾನೇ ತಯಾರು ಮಾಡಬೇಕಂತೆ! ಮೈಯೆಲ್ಲ ಉರಿದುಹೋಯಿತು. ಆಗ ನನಗೆ ಮೂವತ್ನಾಲ್ಕು. ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಗೋಡೆ ಹಿಡಿದುಕೊಳ್ಳುತ್ತಿದ್ದೆ. ಅದನ್ನು ನನ್ನ ಹೆಂಡತಿ ಬಿಟ್ಟರೆ ಬೇರೆ ಯಾರೂ ನೋಡಿರಲಿಲ್ಲ.

ಆದರೆ ಆ ಹುಡುಗನ ಮೇಲೆ ಸಿಟ್ಟು ಉಳಿಸಿಕೊಳ್ಳುವುದು ಕಷ್ಟ. ಅಪ್ಪ ಇಲ್ಲ. ಅಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನವಿಡೀ ಹಾಸಿಗೆಯ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಅಮ್ಮನಿಂದ ಕಲಿತದ್ದೋ ಏನೋ, ಅಭ್ಯಾಸ ಮುಗಿದ ಮೇಲೆ ತನ್ನ ಜೆರ್ಸಿಯನ್ನು ಅಂಚಿಗೆ ಅಂಚು ಸೇರಿಸಿ ಮಡಚಿಟ್ಟು, ಆಮೇಲೆ ನನ್ನದನ್ನೂ ಎಳೆದುಕೊಂಡು ಮಡಚುತ್ತಿದ್ದ.

"ಬಿಡೋ, ನಾನೇನು ಮುದುಕನಾ?"

"ಅಯ್ಯೋ ಇಲ್ಲಣ್ಣ. ಮುದುಕ್ರು ಇಷ್ಟೊಂದು ಬೈಯಲ್ಲ."

ಬೈಯುತ್ತಿದ್ದೆ, ನಿಜ. ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಹಿಂದಿನ ಸಾಲಿನ ಕೆಲಸವೇ ಅಂಥದ್ದು. ಎದುರಿನವನು ಚೆಂಡನ್ನು ಮುಂದಕ್ಕೆ ಒದೆಯುವ ಕ್ಷಣಕ್ಕೆ ಸರಿಯಾಗಿ ನಾವು ನಾಲ್ವರೂ ಒಟ್ಟಿಗೆ ಎರಡು ಹೆಜ್ಜೆ ಮುಂದೆ ನುಗ್ಗಬೇಕು. ಆಗ ಅವರ ಫಾರ್ವರ್ಡ್ ನಮ್ಮ ಬೆನ್ನ ಹಿಂದೆ ಒಬ್ಬನೇ ಉಳಿದು ಆಫ್‌ಸೈಡ್ ಆಗುತ್ತಾನೆ, ಲೈನ್ಸ್‌ಮನ್ ಬಾವುಟ ಎತ್ತುತ್ತಾನೆ, ಅವನು ಗೋಲು ಹೊಡೆದರೂ ಲೆಕ್ಕಕ್ಕಿಲ್ಲ. ನಾಲ್ವರಲ್ಲಿ ಒಬ್ಬ ಹಿಂದೆ ಉಳಿದನೋ, ಎಲ್ಲ ಹಾಳು. ಯಾವಾಗ ನುಗ್ಗಬೇಕೆಂದು ಕೂಗುವವನು ನಾನು. "ನಡಿ!" ಎಂದರೆ ಸಾಕು, ಚಿಲಕನ ಕಾಲು ನನ್ನ ಬಾಯಿಗೇ ಕಟ್ಟಿದ ಹಾಗೆ ಹೊರಡುತ್ತಿತ್ತು. ಹದಿನೈದು ವರ್ಷ ಆಡಿದ್ದೇನೆ, ಅಷ್ಟು ಕರಾರುವಾಕ್ಕಾದ ಹೆಜ್ಜೆಯನ್ನು ಇನ್ನೊಬ್ಬರಲ್ಲಿ ಕಂಡಿಲ್ಲ. ಇದನ್ನು ಅವನಿಗೆ ಒಂದು ಸಲವೂ ಹೇಳಲಿಲ್ಲ. ನನ್ನದು ಅಂಥ ಹಾಳು ಬಾಯಿ.

ಋತುವಿನ ಕೊನೆಗೆ ಕೋಚ್ ಇಬ್ಬರನ್ನೂ ತನ್ನ ಕೋಣೆಗೆ ಕರೆದು, ಮುಂದಿನ ವರ್ಷಕ್ಕೆ ನಮ್ಮಿಬ್ಬರಲ್ಲಿ ಒಬ್ಬರನ್ನು ಮಾತ್ರ ಇಟ್ಟುಕೊಳ್ಳಲು ಸಾಧ್ಯ, ಕೊನೆಯ ಪಂದ್ಯ ನೋಡಿ ತೀರ್ಮಾನಿಸುತ್ತೇನೆ ಎಂದ. ಹೊರಗೆ ಬಂದ ಮೇಲೆ ಚಿಲಕ ನನ್ನ ಮುಖ ನೋಡಲಾರದೆ ನೆಲ ನೋಡುತ್ತ ನಡೆದ.

ಕೊನೆಯ ಪಂದ್ಯದಲ್ಲಿ ಎಪ್ಪತ್ತನೆಯ ನಿಮಿಷದವರೆಗೂ ಸೊನ್ನೆ–ಸೊನ್ನೆ. ಅವರ ಮಧ್ಯದ ಆಟಗಾರ ಚೆಂಡಿನೊಂದಿಗೆ ತಲೆಯೆತ್ತಿದ. ನಾನು "ನಡಿ!" ಎಂದು ಕೂಗಿದೆ. ಮೂವರೂ ನುಗ್ಗಿದರು. ಕೂಗಿದ ನಾನೇ ನುಗ್ಗಲಿಲ್ಲ. ಮಂಡಿ ಕೈಕೊಟ್ಟಿತು, ಒಂದು ಗಜ ಹಿಂದೆ ಉಳಿದೆ. ಲೈನ್ಸ್‌ಮನ್ ಬಾವುಟ ಎತ್ತಲಿಲ್ಲ. ಫಾರ್ವರ್ಡ್ ಒಬ್ಬನೇ ಓಡಿಹೋಗಿ ಗೋಲು ಹೊಡೆದ.

ನಮ್ಮ ತಂಡದಲ್ಲಿ ಒಂದು ಪದ್ಧತಿ. ಗೋಲು ಬಿದ್ದರೆ ತಪ್ಪು ಮಾಡಿದವನು ಅಲ್ಲೇ, ಮೈದಾನದಲ್ಲೇ ಕೈ ಎತ್ತಬೇಕು. ಎತ್ತಿದ ಮೇಲೆ ಯಾರೂ ಅವನನ್ನು ಬೈಯುವಂತಿಲ್ಲ. ಕೋಚ್ ಮಾತ್ರ ಬೆಂಚಿನಲ್ಲಿ ಕೂತು ಯಾರ ಕೈ ಎಂದು ನೋಡಿಟ್ಟುಕೊಳ್ಳುತ್ತಿದ್ದ. ಗೋಲ್‌ಕೀಪರ್ ಬಲೆಯಿಂದ ಚೆಂಡು ತೆಗೆಯುತ್ತ, "ಯಾರ್ರೋ ಅದು?" ಎಂದು ಕಿರುಚಿದ. ನಾನು ಬಗ್ಗಿ ಕಾಲುಚೀಲ ಎಳೆದುಕೊಂಡೆ. ಆಗಲೇ ಸರಿಯಾಗಿದ್ದ ಕಾಲುಚೀಲ! ಚಿಲಕ ನನ್ನನ್ನು ನೋಡಿದ. ಮುಂದೆ ನುಗ್ಗಿದವನಿಗೆ ಹಿಂದೆ ಏನಾಯಿತೆಂದು ಹೇಗೆ ಕಾಣಬೇಕು? ಅಣ್ಣ ಕೈ ಎತ್ತಿಲ್ಲ ಎಂದರೆ ಅಣ್ಣನದು ತಪ್ಪಿಲ್ಲ ಎಂದುಕೊಂಡ. ಉಳಿದಿಬ್ಬರೂ ಎತ್ತದಿದ್ದಾಗ, ಹಾಗಾದರೆ ತನ್ನದೇ ಇರಬೇಕೆಂದು ಮೆಲ್ಲಗೆ ಕೈ ಎತ್ತಿದ.

ಡ್ರೆಸ್ಸಿಂಗ್ ರೂಮಿನಲ್ಲಿ ಬಂದು ಪಕ್ಕ ಕೂತ. ಕಣ್ಣು ಕೆಂಪಾಗಿತ್ತು.

"ಅಣ್ಣ, ಎಲ್ಲಿ ತಪ್ಪಿದೆ ಹೇಳಿ. ಎಷ್ಟು ಯೋಚಿಸಿದ್ರೂ ಗೊತ್ತಾಗ್ತಿಲ್ಲ."

ಆಗಲೂ ಹೇಳಬಹುದಿತ್ತು. ಬಾಯಿಂದ ಬಂದದ್ದು ಸುಳ್ಳು, ಅದೂ ಎಷ್ಟು ಸಲೀಸಾಗಿ!

"ನೀನು ಅರ್ಧ ಕ್ಷಣ ಮೊದ್ಲೇ ಹೋಗ್ತೀಯ ಕಣೋ. ಅದನ್ನ ನೋಡ್ಕೊಂಡು ಅವರ ಮಧ್ಯದವನು ಚೆಂಡು ತಡವಾಗಿ ಕೊಟ್ಟ. ಕೂಗು ಕೇಳಿದ ಮೇಲೆ ಒಂಚೂರು ಕಾಯಿ. ಆಮೇಲೆ ಹೋಗು."

"ಒಂಚೂರು ಅಂದ್ರೆ?"

ನಾನು ಚಿಟಿಕೆ ಹೊಡೆದು ತೋರಿಸಿದೆ. ಅವನು ಎದ್ದು ನಿಂತು, ಸಿಮೆಂಟು ನೆಲದ ಮೇಲೆ ಬರಿಗಾಲಲ್ಲಿ, ಚಿಟಿಕೆ ಹೊಡೆದು ಕಾದು ಹೆಜ್ಜೆ ಇಟ್ಟ. ಮತ್ತೆ ಹಾಗೇ ಮಾಡಿದ. "ಥ್ಯಾಂಕ್ಸ್ ಅಣ್ಣ" ಎಂದ. ನಾನು ಸ್ನಾನಕ್ಕೆ ಎದ್ದುಹೋದೆ.

ಕ್ಲಬ್ಬು ನನ್ನನ್ನು ಉಳಿಸಿಕೊಂಡಿತು. ಆ ವರ್ಷ ಹನ್ನೊಂದು ಪಂದ್ಯ ಆಡಿದೆ, ಆಮೇಲೆ ಮಂಡಿ ಪೂರ್ತಿ ಹೋಯಿತು. ಬರೀ ಹನ್ನೊಂದು! ಅಷ್ಟಕ್ಕಾಗಿ ಅಷ್ಟೆಲ್ಲ.

ಚಿಲಕನ ವಿಷಯ ಕೇಳಬಾರದೆಂದೇ ಇದ್ದೆ. ಎರಡನೆಯ ವರ್ಷ ನಮ್ಮ ಹಳೆಯ ಗೋಲ್‌ಕೀಪರ್ ಸಿಕ್ಕಿ, "ನಿನ್ನ ಶಿಷ್ಯ ಆಮೇಲೆ ಸೇರಿದ ಎರಡು ಕ್ಲಬ್ಬಲ್ಲೂ ಉಳೀಲಿಲ್ಲವಂತೆ ಕಣಯ್ಯ. ಎಲ್ಲ ಚೆನ್ನಾಗಿದೆ, ಆದ್ರೆ ಸಾಲು ನುಗ್ಗುವಾಗ ತಡ ಮಾಡ್ತಾನಂತೆ. ಮೊದ್ಲು ಹಾಗಿರ್ಲಿಲ್ಲ, ಅಲ್ವಾ?" ಎಂದ. ಈಗ ಕಾರ್ಖಾನೆಯೊಂದರ ಸಣ್ಣ ತಂಡದಲ್ಲಿ ಅವನನ್ನು ಪರೀಕ್ಷೆಗೆ ಇಟ್ಟುಕೊಂಡಿದ್ದಾರೆ, ಈ ಭಾನುವಾರ ತೀರ್ಮಾನ, ಇಲ್ಲೂ ಆಗದಿದ್ದರೆ ಅಮ್ಮನ ಲಾಂಡ್ರಿಯಲ್ಲೇ ಗಂಟು ಹೊರುವ ಕೆಲಸಕ್ಕೆ ಸೇರುತ್ತಾನಂತೆ ಎಂದೂ ಹೇಳಿದ.

ಭಾನುವಾರ ಮಧ್ಯಾಹ್ನ ಹೋದೆ. ಕಾರ್ಖಾನೆಯ ಗೋಡೆಗೆ ತಾಗಿಕೊಂಡ ಮೈದಾನ, ಅರ್ಧ ಹುಲ್ಲು, ಅರ್ಧ ದೂಳು. ಮೊದಲರ್ಧದಲ್ಲಿ ಅವರ ನಾಯಕ ಮೂರು ಸಲ ಕೂಗಿದ. ಮೂರು ಸಲವೂ ಚಿಲಕನ ಕಾಲು ಒಂದು ಚಿಟಿಕೆ ಕಾಯಿತು. ಗೋಲು ಆಗದಿದ್ದದ್ದು ಗೋಲ್‌ಕೀಪರನ ಪುಣ್ಯ. ವಿರಾಮದಲ್ಲಿ ನನ್ನನ್ನು ಕಂಡವನೇ ಓಡಿಬಂದ.

"ಅಣ್ಣ! ನೀವಾ! ನೋಡಿದ್ರಾ? ನೀವು ಹೇಳಿದ ಹಾಗೇ ಕಾಯ್ತೀನಿ. ಇನ್ನೂ ಸರಿಯಾಗಿ ಕೂತಿಲ್ಲ. ದಿನಾ ಮನೆ ಹಿಂದೆ ನಿಂತು ಮಾಡ್ತೀನಿ. ಅಮ್ಮ ಕೂಗ್ತಾಳೆ, ನಾನು ಹೆಜ್ಜೆ ಇಡ್ತೀನಿ."

ಆ ಮುಖ ನೋಡಿ ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ. ಮಂಡಿ, ಒಂದು ಗಜ, ಕಾಲುಚೀಲ, ಸುಳ್ಳು. ಅವನು ಬಾಟಲಿ ಹಿಡಿದುಕೊಂಡು ನಿಂತೇ ಇದ್ದ, ನೀರು ಕುಡಿಯಲಿಲ್ಲ.

"ಅಂದ್ರೆ ಮೊದ್ಲು ನಾನು ಆಡ್ತಿದ್ದದ್ದು ಸರಿಯಾಗೇ ಇತ್ತಾ?"

"ಸರಿಯಾಗೇ ಇತ್ತು. ನಿನ್ನಷ್ಟು ಸರಿಯಾಗಿ ಯಾರೂ ಆಡ್ತಿರ್ಲಿಲ್ಲ. ನನ್ನ ಕೆನ್ನೆಗೆ ಎರಡು ಬಾರಿಸು, ಆದ್ರೆ ಈಗ ಹೋಗಿ ಮೊದಲಿನ ಹಾಗೇ ಆಡು. ಕೂಗಿದ ತಕ್ಷಣ ಹೋಗು. ಇನ್ನೂ ನಲವತ್ತೈದು ನಿಮಿಷ ಇದೆ."

ಅವನು ಹೊಡೆಯಲಿಲ್ಲ, ಬೈಯಲೂ ಇಲ್ಲ. ತಲೆಯಾಡಿಸಿ ಹೋದ.

ಆಟ ಶುರುವಾಗಿ ಐದು ನಿಮಿಷಕ್ಕೆ ನಾಯಕ ಕೂಗಿದ. ನಾನು ಬೇಲಿಯ ಕಂಬಿ ಹಿಡಿದು, "ಹೋಗೋ!" ಎಂದು ಗಂಟಲು ಹರಿಯುವಂತೆ ಅರಚಿದೆ. ಚಿಲಕನ ಮೈ ಮುಂದಕ್ಕೆ ಬಾಗಿತು. ಕಾಲು ಕಾಯಿತು. ಫಾರ್ವರ್ಡ್ ಅವನ ಪಕ್ಕದಿಂದಲೇ ದಾಟಿಹೋಗಿ ಗೋಲು ಹೊಡೆದ.

ಅವರ ಕೋಚ್ ಬೆಂಚಿನಿಂದ ಇನ್ನೊಬ್ಬನನ್ನು ಎಬ್ಬಿಸಿದ. ಚಿಲಕ ಹೊರಗೆ ಬರುತ್ತ ನನ್ನ ಮುಂದೆ ನಿಂತ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

"ನಂಗೆ ಗೊತ್ತಾಯ್ತು ಅಣ್ಣ. ಈ ಕಾಲಿಗೆ ಯಾರು ಹೇಳ್ತಾರೆ?"