ಐದು ಕಲ್ಲಿಗೆ ಎಡಿ

ಮೂರನೆಯ ಮೂಲಂಗಿ ಕಚ್ಚುವಾಗ ಕರಿಬಸಪ್ಪ ಮಾಸ್ತರನಿಗೆ ಖಾತ್ರಿಯಾಯಿತು: ಇವತ್ತು ಯಾರಾದರೂ ಒಂದು ಸಲ ‘ರೊಟ್ಟಿ ತಿನ್ರಿ’ ಅಂದರೆ ಸಾಕು, ತಿಂದುಬಿಡುತ್ತೇನೆ. ಎರಡು ಸಲ ಅನ್ನಿಸಿಕೊಳ್ಳುವ ಬಿಗುಮಾನ ಉಳಿದಿರಲಿಲ್ಲ.

ಚಕ್ಕಡಿ ಗೊಟಗೋಡಿಯ ಹೊಲದತ್ತ ಹೊರಟಿತ್ತು. ಹೆಂಡತಿಯ ತಮ್ಮ ಉಳಿವೆಪ್ಪ ಎತ್ತು ಹೊಡೆಯುತ್ತಿದ್ದ. ಹಿಂದೆ ಹೆಂಡತಿ ಸುಶೀಲವ್ವ, ತೊಡೆಯ ಮೇಲೆ ಬುಟ್ಟಿ. ಅದರಲ್ಲಿ ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಕಡುಬು, ಹೋಳಿಗೆ, ಪುಂಡಿಪಲ್ಲೆ. ಅಂದು ಸೀಗಿ ಹುಣ್ಣಿವೆ. ಬಸುರಿಯಾದ ಭೂಮಿಗೆ ಬಯಕೆಯ ಊಟ ಒಯ್ಯುವ ದಿನ. ಮಾಸ್ತರನ ಬಗಲಲ್ಲಿ ಬೇರೆಯೇ ಗಂಟಿತ್ತು: ಮೂಲಂಗಿ, ಸೌತಿಕಾಯಿ, ಹಕ್ಕರಕಿ ಸೊಪ್ಪು, ಬೇಯಿಸಿದ ಗೆಣಸು. ಉಪ್ಪಿಲ್ಲ.

ಎಪ್ಪತ್ತೊಂದನೆಯ ದಿನ.

ಸವಣೂರಿನ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವ ಮಾಸ್ತರ ಪ್ರತಿ ಜೂನಿನಲ್ಲಿ ಶಿಲಾಯುಗವನ್ನು ಎರಡು ಪಿರಿಯಡ್ಡಿನಲ್ಲಿ ಮುಗಿಸುತ್ತಿದ್ದ. ಎಪ್ಪತ್ತೆಂಟನೆಯ ಇಸವಿಯ ಶ್ರಾವಣದಲ್ಲಿ ಅದು ತಿರುಗಿ ಬಂದು ಅವನನ್ನೇ ಹಿಡಿಯಿತು. ಅಂಗಡಿಯವ ಚುರುಮುರಿ ಖಾರಾ ಕಟ್ಟಿಕೊಟ್ಟ ಹಳೆ ವಾರಪತ್ರಿಕೆಯ ಹಾಳೆಯಲ್ಲಿ ಯಾವನೋ ಪರದೇಶಿ ಡಾಕ್ಟರನ ಮಾತಿತ್ತು. ಬಿತ್ತಿ ಬೆಳೆಯುವುದನ್ನು ಕಲಿಯುವ ಮೊದಲು ಮನುಷ್ಯನಿಗೆ ರೋಗವಿರಲಿಲ್ಲ, ಬೇಸರವಿರಲಿಲ್ಲ. ಕಾಳು, ಬೇಳೆ, ಹಾಲು, ಬೆಲ್ಲ, ಉಪ್ಪು ಬಿಡಿ. ಸೊಪ್ಪು, ಗಡ್ಡೆ, ಕಾಯಿ, ಹಣ್ಣು ತಿನ್ನಿ. ಬೇಟೆಯ ಮಾತೂ ಇತ್ತು. ಕೊರಳಲ್ಲಿ ಲಿಂಗವಿದ್ದ ಮಾಸ್ತರ ಅದೊಂದನ್ನು ಬಿಟ್ಟು ಉಳಿದದ್ದಕ್ಕೆ ಒಪ್ಪಿದ. ಎಷ್ಟು ದಿನ ತಿನ್ನಬೇಕೆಂಬುದು ಹರಿದುಹೋದ ಅರ್ಧದಲ್ಲಿತ್ತು.

ರೋಗ ಅವನಿಗೆ ಮೊದಲೂ ಇರಲಿಲ್ಲ. ಅವನನ್ನು ಹಿಡಿದದ್ದು ಬೇಸರದ ಮಾತು.

ಮೊದಲ ವಾರ ಸುಶೀಲವ್ವ ಕಾಡಿದಳು. “ಒಂದ ರೊಟ್ಟಿ ತಿನ್ರಿ, ನನ್ನ ಆಣಿ.”

“ಹತ್ತ ಸಾವಿರ ವರ್ಷದಿಂದ ಮನಶ್ಯಾ ತಪ್ಪ ತಿನ್ನಾಕತ್ತಾನ,” ಅಂದಿದ್ದ.

ಎರಡನೆಯ ವಾರ ಅತ್ತಳು. ಮೂರನೆಯ ವಾರ ಓಣಿಯವರು ಕೇಳಿದಾಗ, ಗಂಡ ಮಂಗ್ಯಾನ ಊಟ ಹಿಡಿದಿದ್ದಾನೆ ಅನ್ನಲು ನಾಚಿ, “ವ್ರತಾ ಹಿಡದಾರ್ರಿ,” ಅಂದಳು. ವ್ರತ ಹಿಡಿದವನಿಗೆ ಉಣ್ಣು ಅನ್ನುವುದು ಪಾಪ. ಅಲ್ಲಿಂದ ಅವನಿಗೆ ಯಾರೂ ಉಣ್ಣು ಅನ್ನಲಿಲ್ಲ. ಹೆಡ್‌ಮಾಸ್ತರರು ಬೆನ್ನು ತಿರುಗಿಸಿ ಚಹಾ ಕುಡಿದರು. ಎದುರುಮನೆಯ ಉಡಚವ್ವ ಕಾಲಿಗೆ ಬಿದ್ದಳು. ಮಾಸ್ತರ ಅಲ್ಲವೆನ್ನಲಿಲ್ಲ, ಬೀಳಿಸಿಕೊಂಡದ್ದು ಹಿತವಾಗಿತ್ತು. ದಿನ ಕಳೆದಂತೆ, ಸುಳ್ಳು ಹೇಳಿದ ಸುಶೀಲವ್ವನೇ ಅದನ್ನು ನಂಬಿದಳು. ಗಂಡನೆದುರು ದನಿ ಏರಿಸುವುದನ್ನು ಬಿಟ್ಟಳು. ಆಮೇಲೆ ಹಾಸಿಗೆಯನ್ನು ಪಡಸಾಲೆಗೆ ಒಯ್ದಳು. ಆಮೇಲೆ ಮಾತನ್ನೂ.

ಹೊಲದಲ್ಲಿ ಬನ್ನಿಗಿಡದ ಕೆಳಗೆ ಐದು ಕಲ್ಲಿಟ್ಟು, ಸುಣ್ಣ ಬಳಿದು, ಪಾಂಡವರೆಂದು ಪೂಜೆ ಮಾಡಿದರು. ಐದಕ್ಕೂ ನೈವೇದ್ಯದ ಎಡಿ ಹಿಡಿದರು. ಕಲ್ಲಿಗೆ ಹೋಳಿಗೆ, ಶಿಲಾಯುಗದವನಿಗೆ ಹಕ್ಕರಕಿ. ಮಾಸ್ತರ ನಗಬೇಕೆಂದುಕೊಂಡ. ದವಡೆ ನೋಯುತ್ತಿತ್ತು.

ಊಟಕ್ಕೆ ಬಂದಿದ್ದ ಬಾಜೂ ಹೊಲದ ರಾಜೇಸಾಬ ಮಗ್ಗಲಿಗೆ ಕುಂತ. “ಎಷ್ಟ ದಿನದ್ದರಿ ಮಾಸ್ತರ, ವ್ರತಾ?”

“ಹಂಗೇನಿಲ್ಲ.”

“ನಾವೂ ರೋಜಾ ಹಿಡೀತೇವ್ರಿ. ಆದ್ರ ಸಂಜೀಕ ಬಿಡತೇವ್ರಿ.”

“ಸುಮ್ನಿರೋ ಮಾರಾಯಾ,” ಅಂದ ಉಳಿವೆಪ್ಪ. “ಮಾವಾರದು ಸಂಜೀಕ ಬಿಡೂ ಪೈಕಿ ಅಲ್ಲ.”

ರೊಟ್ಟಿ ಮುರಿಯುವ ಸದ್ದು. ಮಾಸ್ತರ ಹೆಂಡತಿಯತ್ತ ಬಾಗಿದ. ತಾನಾಗಿ ಕೈ ಚಾಚಿದರೆ ಎಪ್ಪತ್ತೊಂದು ದಿನಗಳ ಜೊತೆ ಅವಳ ಮಾತೂ ಸುಳ್ಳಾಗುತ್ತಿತ್ತು.

“ರೊಟ್ಟಿ ಭಾಳ ತೆಳ್ಳಗ ಬಡದೀ.”

“ಹೂಂರಿ.”

“ಎಳ್ಳ ಘಮ್ ಅನ್ನಾಕತ್ತಾವ.”

ಸುಶೀಲವ್ವ ಗಾಬರಿಯಾದಳು. “ತಪ್ಪಾತ್ರಿ,” ಅಂದು ಬುಟ್ಟಿಗೆ ಅರಿವೆ ಮುಚ್ಚಿ, ಅವನಿಗೆ ಘಮ ಬಾರದಂತೆ ಗಾಳಿಯ ಆ ಕಡೆಗೆ ಸರಿಸಿಟ್ಟಳು. ಗೆಣಸನ್ನು ಸುಲಿದು ಅವನ ಮುಂದಿಟ್ಟು, ಬೆರಳು ತಾಗದಂತೆ ಕೈ ಹಿಂದಕ್ಕೆ ತೆಗೆದುಕೊಂಡಳು.

ಉಂಡಾದ ಮೇಲೆ ಚರಗ ಚೆಲ್ಲಲು ಎದ್ದರು. ಪೈರಿನ ಮೇಲೆ ಎರಚುವ ರೊಟ್ಟಿ, ಕಡುಬು; ಹೊಲದಲ್ಲಿ ಕಣ್ಣಿಗೆ ಕಾಣದವರ ಪಾಲು ಅದು. ಚೆಲ್ಲುವವನು ತಿರುಗಿ ನೋಡಬಾರದು. ಹಿಂದೆ ಬರುವವರು ನೀರು ಚಿಮುಕಿಸಬೇಕು.

ಕಾಲ್ಮಡಿಯುವ ನೆವದಲ್ಲಿ ಮಾಸ್ತರ ಆಗಲೇ ಜೋಳದೊಳಗೆ ನುಸುಳಿದ್ದ. ಆಳೆತ್ತರದ ಪೈರು, ಒರಟು ಎಲೆಯ ರವದಿ ಕಿವಿ ಕೊಯ್ಯುತ್ತಿತ್ತು. “ಹುಲ್ಲುಲ್ಲಿಗೋ...” ಚರಗ ಚೆಲ್ಲುವ ಉಳಿವೆಪ್ಪನ ಕೂಗು ಹತ್ತಿರವಾಯಿತು. ಅವನ ಕೈ ಮೇಲೆದ್ದದ್ದು ಕಂಡಿತು. ರೊಟ್ಟಿಯ ಚೂರುಗಳು ಸುರಿದವು. ಒಂದು ಕಡುಬು ಮಾಸ್ತರನ ಮುಂದೆ ಎರೆಮಣ್ಣಿನಲ್ಲಿ ಬಿದ್ದು ಒಡೆದು, ಹೂರಣ ಹೊರಬಂತು.

ಅವನು ಮಂಡಿಯೂರಿದ. ಆಮೇಲೆ ಕೈಯೂರಿದ. ಮಣ್ಣು ಸಮೇತ ಬಾಯಿಗಿಟ್ಟುಕೊಂಡ.

ಸಾಲಿನ ತುದಿಯಲ್ಲಿ ತಂಬಿಗೆ ಹಿಡಿದು ಸುಶೀಲವ್ವ ನಿಂತಿದ್ದಳು.

ಅವಳು ಕಂಡಳು. ನಾಲ್ಕು ಕಾಲಿನ ಮೇಲೆ ನಿಂತ ಗಂಡನನ್ನು, ಗಡ್ಡಕ್ಕೆ ಮೆತ್ತಿದ ಹೂರಣವನ್ನು. ಈಗ ಬೈಯುತ್ತಾಳೆ, ಅಂದುಕೊಂಡ ಮಾಸ್ತರ. ಬೈದರೆ ಮತ್ತೆ ಬರೀ ಗಂಡನಾಗಿ ಎದ್ದು ಮನೆಗೆ ಹೋಗಬಹುದು.

ಸುಶೀಲವ್ವ ಕಣ್ಣು ಮುಚ್ಚಿದಳು. ಅವನತ್ತ ಮೂರು ಸಲ ನೀರು ಚಿಮುಕಿಸಿದಳು. ಕೈ ಮುಗಿದು, ಸೆರಗು ಸರಿಮಾಡಿಕೊಂಡು, ತಿರುಗಿ ನೋಡದೆ ಮುಂದಿನ ಸಾಲಿಗೆ ಹೋದಳು.

ಕಡುಬು ಬಾಯಲ್ಲೇ ಇತ್ತು. ಎದುರಿನ ಮಣ್ಣುಹೆಂಟೆಯ ಮೇಲೆ ಕಾಗೆಯೊಂದು ಕತ್ತು ಓರೆಮಾಡಿ, ಅವನದು ಮುಗಿಯಲೆಂದು ಕಾಯುತ್ತ ಕುಳಿತಿತ್ತು.